ಹಳೆ ಪವರ್ ಸಪ್ಲೈಗೆ ಮರಳಿ ಕರೆಂಟ್ ಕೊಡುವ ಮುಂಚೆ

ಪ್ರಶ್ನೆ: ಸರ್, ನಮ್ಮೂರಿನ ಗುಜರಿ ಅಂಗಡಿಯಲ್ಲಿ ಕಾಲೇಜ್ ಲ್ಯಾಬಿನ ಹಳೆಯ ಹೈ ವೋಲ್ಟೇಜ್ ಪವರ್ ಸಪ್ಲೈ ಸಿಕ್ಕಿದೆ. 0ರಿಂದ 400 ವೋಲ್ಟ್ ಡಿಸಿ, 100 ಮಿಲಿಆಂಪ್. ಒಳಗೆ 5ಯು4, ಎರಡು 6ಎಲ್6, ಒಂದು 6ಎಯು6, ಒಂದು 0ಎ2 ವಾಲ್ವ್ (ಗಾಜಿನ ಎಲೆಕ್ಟ್ರಾನ್ ಟ್ಯೂಬ್) ಇವೆ. ಇಪ್ಪತ್ತು ವರ್ಷದಿಂದ ಮೂಲೆಯಲ್ಲಿ ಬಿದ್ದಿತ್ತಂತೆ. ನನ್ನ ಹತ್ತಿರ ವೇರಿಯಾಕ್ (ವೋಲ್ಟೇಜನ್ನು ಸೊನ್ನೆಯಿಂದ ಮೆಲ್ಲಗೆ ಏರಿಸುವ ಟ್ರಾನ್ಸ್‌ಫಾರ್ಮರ್) ಇದೆ. ನಿಧಾನವಾಗಿ ಏರಿಸುತ್ತಾ ಹೋದರೆ ಸಾಕಲ್ವಾ?
– ಓದುಗರೊಬ್ಬರು, ಜಮಖಂಡಿ

ಉತ್ತರ: ಸಾಕಾಗುವುದಿಲ್ಲ. ಅದಕ್ಕೆ ಕಾರಣ ಆ 5ಯು4. ಅದು ವಾಲ್ವ್ ರೆಕ್ಟಿಫೈಯರ್, ಅಂದರೆ ಎಸಿಯನ್ನು ಡಿಸಿ ಮಾಡುವ ವಾಲ್ವ್. ಅದರ ಫಿಲಮೆಂಟ್ ಚೆನ್ನಾಗಿ ಕಾಯುವ ತನಕ ಡಿಸಿ ಬರುವುದೇ ಇಲ್ಲ. ನೀವು ವೇರಿಯಾಕ್ ತಿರುಗಿಸುತ್ತಾ ಹೋಗುತ್ತೀರಿ, ಚಾರ್ಜ್ ಹಿಡಿದಿಡುವ ಕಂಡೆನ್ಸರಿಗೆ (ಕೆಪ್ಯಾಸಿಟರ್) ಏನೂ ತಲುಪುವುದಿಲ್ಲ. ಆಮೇಲೆ ಒಮ್ಮೆಲೇ ನೂರಾರು ವೋಲ್ಟ್ ಬಂದು ಬೀಳುತ್ತದೆ. ಇಪ್ಪತ್ತು ವರ್ಷ ಮಲಗಿದ್ದ ಕಂಡೆನ್ಸರ್ ಆ ಹೊಡೆತ ತಾಳುವುದಿಲ್ಲ.

ಮೊದಲು ಪ್ಲಗ್ ಇಲ್ಲದೆ ಕೆಲಸ ಮಾಡಿ. 10 ಕಿಲೋ ಓಮ್, 10 ವ್ಯಾಟಿನ ವೈರ್‌ವೌಂಡ್ ರೆಸಿಸ್ಟರಿಗೆ ಎರಡು ಕ್ರೊಕೊಡೈಲ್ ಕ್ಲಿಪ್ ಕಟ್ಟಿ, ಮೇಲೆ ಸ್ಲೀವ್ ಹಾಕಿ. ಅದನ್ನು ಕಂಡೆನ್ಸರಿಗೆ ಹಿಡಿದು ಹತ್ತು ಸೆಕೆಂಡ್ ಬಿಡಿ. ನಂತರ ಮೀಟರ್ ಇಟ್ಟು ನೋಡಿ. ಸೊನ್ನೆ ಬಂತು ಅಂತ ಕ್ಲಿಪ್ ತೆಗೆಯಬೇಡಿ. ಖಾಲಿ ಮಾಡಿದ ಕಂಡೆನ್ಸರಿನಲ್ಲೂ ಸ್ವಲ್ಪ ಹೊತ್ತಿಗೆ ವೋಲ್ಟೇಜ್ ಮತ್ತೆ ಏಳುತ್ತದೆ.

ಇದನ್ನು ನಾನು ಸುಮ್ನೆ ಹೇಳುತ್ತಿಲ್ಲ. ಬೆಳಗಾವಿಯ ಒಂದು ಲ್ಯಾಬಿನಲ್ಲಿ ಕೆಲಸಕ್ಕೆ ಸೇರಿದ ಹೊಸತು. ಇಂಥದ್ದೇ ಒಂದು ಸಪ್ಲೈಯನ್ನು ಆಫ್ ಮಾಡಿ, ಪ್ಲಗ್ ಕಿತ್ತು ಊಟಕ್ಕೆ ಹೋಗಿದ್ದೆ. ಒಂದು ತಾಸು ಬಿಟ್ಟು ಬಂದು ಕೈ ಹಾಕಿದೆ. ಆಫ್ ಮಾಡಿದ ಮೇಲೆ ಕಂಡೆನ್ಸರ್ ಖಾಲಿ ಮಾಡಬೇಕಾದ ಬ್ಲೀಡರ್ ರೆಸಿಸ್ಟರ್ ಒಳಗೇ ಕಡಿದಿತ್ತು, ಚಾರ್ಜ್ ಹಾಗೇ ಉಳಿದಿತ್ತು. ಸ್ಟೂಲ್ ಸಮೇತ ಹಿಂದೆ ಬಿದ್ದೆ. ಸಂಜೆ ತನಕ ಎರಡು ಬೆರಳಿಗೆ ಸ್ಪರ್ಶ ಇರಲಿಲ್ಲ. ನಮ್ಮ ಹಿರಿಯ ಮೆಕ್ಯಾನಿಕ್ ಒಬ್ಬರು ಎಬ್ಬಿಸಿ ಕೂರಿಸಿ, "ತಮ್ಮಾ, ಒಂದು ಕೈ ಕಿಸೆದಾಗ ಇಟ್ಟು ಕೆಲಸಾ ಮಾಡು" ಅಂದರು. ಎರಡೂ ಕೈ ಒಳಗಿದ್ದರೆ ಕರೆಂಟ್ ಎದೆ ದಾಟಿ ಹೋಗುತ್ತದೆ. ನಿಮ್ಮ ಡಬ್ಬಿಯಲ್ಲಿ 450 ವೋಲ್ಟಿಗೆ ಚಾರ್ಜ್ ಆದ 40 ಮೈಕ್ರೋಫ್ಯಾರಡ್ ಇದ್ದರೆ ಅದರಲ್ಲಿ 4 ಜೂಲ್ ಇರುತ್ತದೆ. ಕಡಿಮೆ ಅಂದುಕೊಳ್ಳಬೇಡಿ.

ಈಗ ಟ್ರಾನ್ಸ್‌ಫಾರ್ಮರ್. ಹಳೆ ಎರಡು ಪಿನ್ನಿನ ವೈರ್ ಇದ್ದರೆ ತೆಗೆದು ಮೂರು ಪಿನ್ನಿನದು ಹಾಕಿ, ಚಾಸಿಗೆ (ಲೋಹದ ಚೌಕಟ್ಟಿಗೆ) ಅರ್ತ್ ಕೊಡಿ. ವಾಲ್ವ್ ಎಲ್ಲ ಕಿತ್ತಿಟ್ಟು, 60 ವ್ಯಾಟಿನ ಹಳೆ ಕಾಲದ ಫಿಲಮೆಂಟ್ ಬಲ್ಬ್ ಒಂದನ್ನು ಪ್ಲಗ್ಗಿನಿಂದ ಬರುವ ವೈರಿಗೆ ಸೀರೀಸಿನಲ್ಲಿ ಕಟ್ಟಿ ಸ್ವಿಚ್ ಹಾಕಿ. ಎಲ್‌ಇಡಿ ಬಲ್ಬ್ ನಡೆಯುವುದಿಲ್ಲ. ಬಲ್ಬ್ ಮಿಣುಕಿ ಆರಿದ ಹಾಗಾದರೆ ಟ್ರಾನ್ಸ್‌ಫಾರ್ಮರ್ ಚೆನ್ನಾಗಿದೆ. ಪೂರ್ತಿ ಉರಿದರೆ ಎಲ್ಲೋ ಶಾರ್ಟ್ ಇದೆ, ಮುಂದೆ ಹೋಗಬೇಡಿ.

ಕಂಡೆನ್ಸರ್ ಉಬ್ಬಿದ್ದರೆ, ಬುಡದಲ್ಲಿ ಅಂಟು ಇಳಿದಿದ್ದರೆ ಯೋಚನೆ ಮಾಡದೆ ಬದಲಿಸಿ. ಮೊದಲು ಎಷ್ಟು ಮೈಕ್ರೋಫ್ಯಾರಡ್ ಇತ್ತೋ ಅಷ್ಟೇ ಹಾಕಿ, ಜಾಸ್ತಿ ಹಾಕಿದರೆ 5ಯು4 ಮೇಲೆ ಹೊರೆ ಬೀಳುತ್ತದೆ. ಮೇಣದ ಪೇಪರ್ ಕಂಡೆನ್ಸರ್‌ಗಳು ನೋಡಲು ಚೆನ್ನಾಗಿದ್ದರೂ ತೆಗೆಯಿರಿ.

ಹೊರಗಿಂದ ಚೆನ್ನಾಗಿ ಕಾಣುವ ಎಲೆಕ್ಟ್ರೋಲಿಟಿಕ್ ಕಂಡೆನ್ಸರ್ ಇದ್ದರೆ ಅದಕ್ಕೆ ಜೀವ ಬರಿಸಬಹುದು. ಒಳಗಿನ ಅಲ್ಯೂಮಿನಿಯಂ ಆಕ್ಸೈಡ್ ಪದರ ತೆಳುವಾಗಿರುತ್ತದೆ, ಸಣ್ಣ ಕರೆಂಟ್ ಹರಿದರೆ ಮತ್ತೆ ಕಟ್ಟಿಕೊಳ್ಳುತ್ತದೆ. ನಿಮ್ಮ ವೇರಿಯಾಕ್ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಆದರೆ ವೇರಿಯಾಕ್ ಲೈನಿನಿಂದ ಬೇರ್ಪಟ್ಟಿರುವುದಿಲ್ಲ, ನಡುವೆ ಐಸೋಲೇಷನ್ ಟ್ರಾನ್ಸ್‌ಫಾರ್ಮರ್ ಬೇಕೇ ಬೇಕು. ಅಲ್ಲಿಂದ ಒಂದು 1ಎನ್4007 ಡಯೋಡ್, 47 ಕಿಲೋ ಓಮ್ ರೆಸಿಸ್ಟರ್, ಆಮೇಲೆ ಸಪ್ಲೈಯ ಸರ್ಕ್ಯೂಟಿನಿಂದ ಒಂದು ಕಾಲು ಬಿಚ್ಚಿದ ಕಂಡೆನ್ಸರ್. ಪ್ಲಸ್ ಮೈನಸ್ ಎರಡು ಸಲ ನೋಡಿ. ರೆಸಿಸ್ಟರ್ ಮೇಲೆ ಮೀಟರ್ ಇಡಿ. 47 ವೋಲ್ಟ್ ತೋರಿಸಿದರೆ 1 ಮಿಲಿಆಂಪ್ ಸೋರುತ್ತಿದೆ ಎಂದರ್ಥ. ಅದು ಇಳಿದ ಮೇಲೆ ಇನ್ನೊಂದು 50 ವೋಲ್ಟ್ ಏರಿಸಿ. ಮತ್ತೆ ಕಾಯಿರಿ. ಒಂದು ದಿನ ಹಿಡಿದರೂ ಹಿಡಿಯಲಿ. ಕಂಡೆನ್ಸರ್ ಬಿಸಿಯಾದರೆ, ಸೋರಿಕೆ ಇಳಿಯದಿದ್ದರೆ ಅದರ ಆಯಸ್ಸು ಮುಗಿದಿದೆ.

ಇಷ್ಟಾದ ಮೇಲೆ ವಾಲ್ವ್ ಹಾಕಿ, ಕೋಣೆಯ ದೀಪ ಆರಿಸಿ ನೋಡಿ. ವೋಲ್ಟೇಜ್ ಸ್ಥಿರವಾಗಿಡುವ 0ಎ2 ಒಳಗೆ ನೇರಳೆ ಬೆಳಕು ಮೂಡಬೇಕು, ಅದರ ಮೇಲೆ ಸುಮಾರು 150 ವೋಲ್ಟ್ ಅಲುಗದೆ ನಿಲ್ಲಬೇಕು. ಆ ಬಣ್ಣ ಕಂಡಾಗ ನನಗೆ ಇವತ್ತಿಗೂ ಖುಷಿಯಾಗುತ್ತದೆ. ಲೋಡ್ ಪರೀಕ್ಷೆಗೆ 15 ವ್ಯಾಟಿನ ಎರಡು ಫಿಲಮೆಂಟ್ ಬಲ್ಬ್ ಸೀರೀಸಿನಲ್ಲಿ ಕಟ್ಟಿ. 400 ವೋಲ್ಟಿಗೆ ಸುಮಾರು 60 ಮಿಲಿಆಂಪ್ ಎಳೆಯುತ್ತವೆ.

ಪ್ರಶ್ನೆ: ನನ್ನ ಸಪ್ಲೈಯಲ್ಲೂ ಇವೇ ವಾಲ್ವ್‌ಗಳಿವೆ. ನಾಬ್ ಎಲ್ಲಿಟ್ಟರೂ ಪೂರ್ತಿ ವೋಲ್ಟೇಜೇ ಬರುತ್ತದೆ. 6ಎಲ್6 ಬದಲಿಸಿದರೂ ಹಾಗೇ ಇದೆ.
– ಮತ್ತೊಬ್ಬ ಓದುಗರು, ವಿಜಯಪುರ

ಉತ್ತರ: ಹೊರಗೆ ಹೋಗುವ ಕರೆಂಟ್ ಹರಿಯುವುದು 6ಎಲ್6 ಮೂಲಕ, ಅದನ್ನು ಹಿಡಿತದಲ್ಲಿ ಇಡುವುದು ಚಿಕ್ಕ 6ಎಯು6. ಈ ಚಿಕ್ಕದು ಸತ್ತರೆ ದೊಡ್ಡ ವಾಲ್ವ್ ಪೂರ್ತಿ ತೆರೆದುಕೊಳ್ಳುತ್ತದೆ. ಸ್ವಿಚ್ ಆಫ್ ಮಾಡಿ, ಕಂಡೆನ್ಸರ್ ಖಾಲಿ ಮಾಡಿ, 6ಎಯು6 ಅನ್ನು ಕಿತ್ತು ಅದರ 3 ಮತ್ತು 4ನೇ ಪಿನ್ ನಡುವೆ ಮೀಟರ್ ಇಡಿ. ಕೆಲವು ಓಮ್ ತೋರಿಸಬೇಕು. ಏನೂ ಬರದಿದ್ದರೆ ಹೀಟರ್ ಕಡಿದಿದೆ, ಹೊಸದು ಹಾಕಿ. ಸರಿ ಇದ್ದರೆ ನಾಬಿನ ಹಿಂದಿನ ಪಾಟ್ (ತಿರುಗಿಸಿ ಬದಲಿಸುವ ರೆಸಿಸ್ಟರ್) ನೋಡಿ. ಅದರ ನಡುವಿನ ಕಾಲು ಟ್ರ್ಯಾಕ್ ಮುಟ್ಟದಿದ್ದರೂ ಹೀಗೇ ಆಗುತ್ತದೆ.