ಸೌರ ಬಿರುಗಾಳಿ ಬಂದರೆ ಮೊಬೈಲ್ ಆಫ್ ಮಾಡಬೇಕಾ?

ಬೇಡ, ಆಫ್ ಮಾಡಬೇಡಿ. "ಇವತ್ತು ರಾತ್ರಿ ಸೌರ ಬಿರುಗಾಳಿ, ಮೊಬೈಲ್ ಸುಟ್ಟುಹೋಗುತ್ತೆ ಅಂತ ವಾಟ್ಸಾಪ್‌ನಲ್ಲಿ ಬಂದಿದೆ. ನಿಜಾನಾ? ಮೊದಲೇ ಹೇಳೋಕೆ ಆಗುತ್ತಾ?" ಅಂತ ದಾವಣಗೆರೆಯಿಂದ ಕೇಳಿದ್ದೀರಿ. ನಾನು ವಿಜ್ಞಾನಿ ಅಲ್ಲ, ಇಲ್ಲೇ ದುರ್ಗದಲ್ಲಿ ಜಮೀನು ಅಳೆಯುವ ಸರ್ವೆಯರ್. ಹೊಟ್ಟೆಪಾಡು ಜಿಪಿಎಸ್ ಮೇಲೆ ನಿಂತಿರುವುದರಿಂದ ಸೂರ್ಯನ ಮೇಲೂ ಒಂದು ಕಣ್ಣಿಟ್ಟಿರುತ್ತೇನೆ.

ಮೊದಲೇ ಹೇಳಬಹುದು, ಆದರೆ ಅರ್ಧಂಬರ್ಧ. ಸೂರ್ಯನಲ್ಲಿ ಸ್ಫೋಟವಾದರೆ ಅದರ ಬೆಳಕು ಎಂಟು ನಿಮಿಷದಲ್ಲಿ ಇಲ್ಲಿರುತ್ತದೆ. ಭೂಮಿಯ ಕಾಂತಕ್ಷೇತ್ರವನ್ನು ಅಲ್ಲಾಡಿಸುವುದು ಕೆಲವು ಸಲ ಅದರ ಜೊತೆ ಹೊರಡುವ ಪ್ಲಾಸ್ಮಾ ಮೋಡ, ಅಂದರೆ ವಿದ್ಯುತ್ ತುಂಬಿದ ಕಣಗಳ ಮೋಡ. ಅದಕ್ಕೆ ಸಾಮಾನ್ಯವಾಗಿ ಒಂದರಿಂದ ಮೂರು ದಿನ ಬೇಕು. ಹೊರಟಿದ್ದನ್ನು ಕ್ಯಾಮೆರಾದಲ್ಲಿ ನೋಡಿ, ವೇಗ ಲೆಕ್ಕ ಹಾಕಿ, ಇಂಥ ಹೊತ್ತಿಗೆ ಮುಟ್ಟುತ್ತೆ ಅನ್ನುತ್ತಾರೆ. ಹತ್ತು ಗಂಟೆ ಆಚೀಚೆ ಆಗುವುದು ಮಾಮೂಲು.

ಎಷ್ಟು ಜೋರು ಅನ್ನೋದೇ ಕಷ್ಟದ ಪ್ರಶ್ನೆ. ಆ ಮೋಡದೊಳಗಿನ ಕಾಂತಕ್ಷೇತ್ರ ದಕ್ಷಿಣಕ್ಕೆ ಮುಖ ಮಾಡಿದ್ದರೆ ಭೂಮಿಯದರ ಜೊತೆ ಬೆಸೆದುಕೊಂಡು ಶಕ್ತಿ ಒಳಗೆ ನುಗ್ಗುತ್ತದೆ. ಉತ್ತರಕ್ಕಿದ್ದರೆ ಬಹುಪಾಲು ಸುಮ್ನೆ ದಾಟಿ ಹೋಗುತ್ತದೆ. ಈ ದಿಕ್ಕು ಖಚಿತವಾಗಿ ತಿಳಿಯುವುದು ಭೂಮಿಯಿಂದ ಸೂರ್ಯನ ಕಡೆಗೆ ಎಲ್1 ಅನ್ನುವ ಜಾಗದಲ್ಲಿರುವ ನೌಕೆಗಳಿಗೆ ಮೋಡ ತಗುಲಿದಾಗಲೇ. ನಮ್ಮ ಆದಿತ್ಯ-ಎಲ್1 ಕೂಡ 2024ರ ಜನವರಿ 6ರಿಂದ ಅಲ್ಲೇ ಇದೆ. ಇಲ್ಲಿಂದ 15 ಲಕ್ಷ ಕಿಲೋಮೀಟರ್. ಬಹಳ ದೂರ ಅನಿಸುತ್ತೆ, ಅಲ್ವಾ? ಸೂರ್ಯನ ದೂರದಲ್ಲಿ ಅದು ನೂರರ ಒಂದು ಪಾಲು. ಬೆಂಗಳೂರಿಂದ ಹೊರಟ ಲಾರಿಯಲ್ಲಿ ಏನು ಲೋಡ್ ಇದೆ ಅಂತ ದುರ್ಗ ಇನ್ನೆರಡು ಕಿಲೋಮೀಟರ್ ಇರುವಾಗ ಗೊತ್ತಾದ ಹಾಗೆ. ಆಮೇಲೆ ಕೈಗೆ ಸಿಗೋದು ಕಾಲು ಗಂಟೆಯಿಂದ ಒಂದು ಗಂಟೆ.

ಬಂದದ್ದರ ಜೋರನ್ನು ಕೆಪಿ ಅನ್ನುವ ಅಂಕಿಯಲ್ಲಿ ಹೇಳುತ್ತಾರೆ, 0ಯಿಂದ 9. 2024ರ ಮೇ 10ರ ರಾತ್ರಿ ಅದು 9 ಮುಟ್ಟಿತ್ತು. ಲಡಾಖ್‌ನ ಹಾನ್ಲೆಯಲ್ಲಿ ಆಕಾಶ ಕೆಂಪಾಗಿತ್ತು. ಇಲ್ಲಿ ಯಾರ ಮೊಬೈಲೂ ಸುಡಲಿಲ್ಲ. ಬಿರುಗಾಳಿ ಕರೆಂಟ್ ಹುಟ್ಟಿಸುವುದು ನೂರಾರು ಕಿಲೋಮೀಟರ್ ಉದ್ದದ ತಂತಿಗಳಲ್ಲಿ, ಅದೂ ಧ್ರುವಗಳ ಕಡೆ ಜಾಸ್ತಿ. 1989ರ ಮಾರ್ಚ್ 13ರಂದು ಕೆನಡಾದ ಕ್ವಿಬೆಕ್ ಒಂಬತ್ತು ಗಂಟೆ ಕತ್ತಲಲ್ಲಿ ಕೂತಿದ್ದು ಹಾಗೆ. ಅಂಗೈಯಗಲದ ಫೋನಿನಲ್ಲಿ ಅಷ್ಟುದ್ದದ ತಂತಿ ಎಲ್ಲಿದೆ?

ನಮ್ಮ ಕಡೆ ಕಾಟ ಕೊಡುವುದೇ ಬೇರೆ. ಕಾಂತೀಯ ಸಮಭಾಜಕ ರೇಖೆ ನಮಗೆ ಹತ್ತಿರ. ಮಾರ್ಚ್-ಏಪ್ರಿಲ್, ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಹೊತ್ತು ಮುಳುಗಿದ ಮೇಲೆ ವಾತಾವರಣದ ತುದಿಯಲ್ಲಿರುವ ಅಯಾನುಗಳ (ವಿದ್ಯುತ್ ಕಣಗಳ) ಪದರ ಕಲಕುತ್ತದೆ, ಅದನ್ನು ದಾಟಿ ಬರುವ ಜಿಪಿಎಸ್ ಸಿಗ್ನಲ್ ಮಿಣಮಿಣ ಅನ್ನುತ್ತದೆ. ಸೂರ್ಯ ಚುರುಕಾಗಿರುವ ವರ್ಷಗಳಲ್ಲಿ ಇನ್ನೂ ಜಾಸ್ತಿ. ಒಂದು ಮಾರ್ಚ್‌ನಲ್ಲಿ ಚಳ್ಳಕೆರೆ ಕಡೆ ಹದ್ದುಬಸ್ತಿಗೆ ಹೋಗಿದ್ದೆ. ಎರಡೇ ಪಾಯಿಂಟ್ ಬಾಕಿ, ಏಳೂಮುಕ್ಕಾಲು ಗಂಟೆ. ರೋವರ್ (ಅಳತೆಯ ಜಿಪಿಎಸ್ ಯಂತ್ರ) ಫ್ಲೋಟ್‌ಗೆ ಬಿತ್ತು, ಅಂದರೆ ಅಂದಾಜು ಜಾಗವನ್ನಷ್ಟೇ ತೋರಿಸಿತು. ಎಷ್ಟು ಕಾದರೂ ಫಿಕ್ಸ್, ಅಂದರೆ ನಿಖರ ಜಾಗ, ಬರಲಿಲ್ಲ. ಟಾರ್ಚ್ ಹಿಡಿದಿದ್ದ ಯಜಮಾನರು, "ಸರಪಳಿ ಹಿಡ್ಕಂಡು ಬರೋ ಕಾಲದಾಗೆ ಇದೆಲ್ಲ ಇರ್ಲಿಲ್ಲ ಬಿಡಿ ಸಾರ್" ಅಂದರು. ಮನೆಗೆ ಬಂದು ನೋಡಿದರೆ ಅವತ್ತಿನ ಕೆಪಿ ಬರೀ 2. ಬೆಳಿಗ್ಗೆ ಏಳಕ್ಕೆ ಮತ್ತೆ ಹೋದೆ. ಅರ್ಧ ನಿಮಿಷದಲ್ಲಿ ಫಿಕ್ಸ್ ಬಂತು.