ಅಪ್ಪನಿಗೆ ಏನಂತ ಹೇಳಲಿ ಅಂತ ಕೇಳಿದವಳಿಗೆ

ಅಕ್ಕ ಅಂತ ಕರೆದಿದ್ದೀಯ. ಅದಕ್ಕೇ ನೀನು ಅಂತಲೇ ಬರೆಯುತ್ತೇನೆ.

ಬರೋಡಾದಲ್ಲಿ ಕಲಾ ಇತಿಹಾಸ ಓದಿ ಮುಗಿಸಿದ್ದೀಯ. ನ್ಯೂಯಾರ್ಕಿನಲ್ಲಿ ಪಿಎಚ್‌ಡಿಗೆ ಸೀಟು ಸಿಕ್ಕಿದೆ, 5 ವರ್ಷ ಸ್ಟೈಪೆಂಡ್ ಕೊಡುತ್ತಾರೆ. ಪರ್ಫಾರ್ಮೆನ್ಸ್ ಆರ್ಟ್ ಮೇಲೆ, ಅಂದರೆ ಕಲಾವಿದರು ತಾವೇ ನಿಂತು ಮಾಡಿ ತೋರಿಸುವುದೇ ಕೃತಿಯಾಗುವ ಕಲೆಯ ಮೇಲೆ, ಕೆಲಸ ಮಾಡುವ ಆಸೆ. ಇದನ್ನೇ ನಂಬಿಕೊಂಡು ಅಲ್ಲಿ ಬದುಕೋಕೆ ಆಗುತ್ತಾ ಅಕ್ಕ, ಗದಗಿನ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿರುವ ಅಪ್ಪನಿಗೆ ಏನಂತ ಹೇಳಲಿ ಅಂತ ಕೇಳಿದ್ದೀಯ. ನಡುವೆ ಚಳಿ, ಊಟ, ಬಾಡಿಗೆ ಬಗ್ಗೆಯೂ ಕೇಳಿದ್ದೀಯ.

ಚಳಿಗೆ ಕೋಟು ಊರಲ್ಲಿ ಕೊಳ್ಳಬೇಡ, ಇಲ್ಲಿ ಬಂದು ತೆಗೆದುಕೋ. ಬೇಳೆ, ಅಕ್ಕಿ, ಕರಿಬೇವು ಎಲ್ಲ ಕ್ವೀನ್ಸ್ ಕಡೆ ಸಿಗುತ್ತವೆ. ರೊಟ್ಟಿ ಬಡಿಯೋಕೆ ಜೋಳದ ಹಿಟ್ಟೂ ಸಿಗುತ್ತದೆ, ಊರಿನ ರುಚಿ ಬರಲ್ಲ ಅಷ್ಟೇ. ಬಾಡಿಗೆ ಜಾಸ್ತಿ. ಇಬ್ಬರು ಮೂವರು ಸೇರಿ ಮನೆ ಮಾಡಬೇಕು. ಇದಕ್ಕಿಂತ ಹೆಚ್ಚು ಹೇಳೋಕೆ ಏನೂ ಇಲ್ಲ, ಬಂದ ಹದಿನೈದು ದಿನಕ್ಕೆ ನಿನಗೇ ಗೊತ್ತಾಗುತ್ತದೆ.

ನಾನು ಸಾಗರದ ಕಡೆಯವಳು. 2005ರ ಆಗಸ್ಟಿನಲ್ಲಿ ಬಂದೆ. ಹೆಗ್ಗೋಡಿನ ನೀನಾಸಂ ಶಿಬಿರಗಳಲ್ಲಿ ಕೂತು ನಾಟಕ, ಸಿನಿಮಾ ನೋಡಿ ಬೆಳೆದಿದ್ದೆ, ಆ ಧೈರ್ಯ ಇತ್ತು. ಆದರೆ ಏನು ಓದೋಕೆ ಹೊರಟಿದ್ದೇನೆ ಅಂತ ಅಪ್ಪನಿಗೆ ಬಿಡಿಸಿ ಹೇಳಲಿಲ್ಲ. 'ಕಲೆ ಬಗ್ಗೆ' ಅಂದುಬಿಟ್ಟೆ. ಅವರು 'ಮಗಳು ಅಮೆರಿಕದಲ್ಲಿ ಚಿತ್ರ ಬರೆಯೋದು ಕಲೀತಾಳೆ' ಅಂತ ಊರೆಲ್ಲ ಹೇಳಿದರು. ಕೊನೆಯವರೆಗೂ ಹಾಗೇ ಹೇಳುತ್ತಿದ್ದರು. ತಿದ್ದೋಕೆ ನಾನು ಹೋಗಲೇ ಇಲ್ಲ.

ಬಂದ ಮೂರು ತಿಂಗಳಿಗೆ, ನವೆಂಬರಿನಲ್ಲಿ, ಗುಗೆನ್‌ಹೈಮ್ ಮ್ಯೂಸಿಯಂನಲ್ಲಿ ಪರ್ಫಾರ್ಮೆನ್ಸ್ ಕಲಾವಿದೆ ಮರೀನಾ ಅಬ್ರಮೋವಿಚ್ ಸಾಲಾಗಿ 7 ರಾತ್ರಿ ಪ್ರದರ್ಶನ ಕೊಟ್ಟರು. ಸಂಜೆ 5ರಿಂದ ನಡುರಾತ್ರಿ 12ರವರೆಗೆ. ಮೊದಲ 5 ರಾತ್ರಿ ಬೇರೆ ಕಲಾವಿದರು 60-70ರ ದಶಕಗಳಲ್ಲಿ ಮಾಡಿದ್ದನ್ನು ತಾವು ಮತ್ತೆ ಮಾಡಿದರು. ನಾನು ಹೋಗಿದ್ದು ಐದನೇ ರಾತ್ರಿಗೆ. ಜರ್ಮನಿಯ ಯೋಸೆಫ್ ಬಾಯ್ಸ್ 1965ರಲ್ಲಿ ಡ್ಯೂಸೆಲ್‌ಡಾರ್ಫಿನ ಒಂದು ಗ್ಯಾಲರಿಯಲ್ಲಿ ತಲೆ, ಮುಖಕ್ಕೆಲ್ಲ ಜೇನು ಬಳಿದುಕೊಂಡು, ಚಿನ್ನದ ರೇಕು ಅಂಟಿಸಿಕೊಂಡು, ಸತ್ತ ಮೊಲವೊಂದನ್ನು ತೋಳಲ್ಲಿಟ್ಟುಕೊಂಡು ಅದಕ್ಕೆ ಚಿತ್ರಗಳನ್ನು ವಿವರಿಸಿದ್ದರು. ಬಾಗಿಲು ಹಾಕಿತ್ತು, ಜನ ಹೊರಗಿನಿಂದ ಗಾಜಿನಲ್ಲಿ ನೋಡಬೇಕಿತ್ತು. ಆ ಫೋಟೋವನ್ನು ನಾನು ಬರೋಡಾದ ಲೈಬ್ರರಿಯಲ್ಲಿ ನೋಡಿದ್ದೆ, ನೀನೂ ನೋಡಿರುತ್ತೀಯ. 40 ವರ್ಷದ ಮೇಲೆ ಅದೇ ಚಿನ್ನದ ಮುಖ ನನ್ನ ಕಣ್ಣೆದುರು ಅಲುಗಾಡಿತು. ಮೈ ಜುಂ ಅಂದಿತು.

ಪಕ್ಕದಲ್ಲಿದ್ದವರು 7 ಗಂಟೆ ಅಂತ ಬೆರಗಾಗುತ್ತಿದ್ದರು. ನನಗೆ ಅದು ಉದ್ದ ಅನ್ನಿಸಲಿಲ್ಲ. ಕೊಯ್ಲು ಮುಗಿದ ಗದ್ದೆಯಲ್ಲಿ ಕಂಬಳಿ ಹೊದ್ದು ಬೆಳಗಿನವರೆಗೆ ಯಕ್ಷಗಾನದ ಆಟ ನೋಡಿದವಳು ನಾನು. ನಡುವೆ ನಿದ್ದೆ ಬರುತ್ತದೆ, ಚಂಡೆ ಸದ್ದಿಗೆ ಎಚ್ಚರಾಗುತ್ತದೆ, ಅದೂ ಆಟದ ಒಂದು ಭಾಗವೇ. ನಿನಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆದರೆ ಇಲ್ಲಿನ ತರಗತಿಯಲ್ಲಿ ಇದು ನಿನ್ನ ಶಕ್ತಿ ಅಂತ ತಿಳಿದುಕೋ. ಹೊತ್ತು ಕಳೆಯುವುದು ಅಂದರೇನು ಅಂತ ಮೈಯಿಂದಲೇ ಗೊತ್ತಿರುವವರು ಇಲ್ಲಿ ಕಡಿಮೆ.

ಈಗ ಕೆಲಸದ ವಿಷಯ. ಪರ್ಫಾರ್ಮೆನ್ಸ್‌ಗೂ ಒಂದು ಇತಿಹಾಸ ಇದೆ ಅಂತ ಮೊದಮೊದಲು ಪುಸ್ತಕವಾಗಿ ಬರೆದವರು ರೋಸ್‌ಲೀ ಗೋಲ್ಡ್‌ಬರ್ಗ್, 1979ರಲ್ಲಿ. ದಕ್ಷಿಣ ಆಫ್ರಿಕಾದ ಡರ್ಬನ್‌ನಲ್ಲಿ ಹುಟ್ಟಿ ಲಂಡನ್ ದಾಟಿ ನ್ಯೂಯಾರ್ಕಿಗೆ ಬಂದವರು. ಊರು ಬಿಟ್ಟು ಬಂದ ಹೆಂಗಸು ಈ ದಾರಿ ಮಾಡಿದ್ದು ಅಂತ ನನಗೆ ಇವತ್ತಿಗೂ ಹೆಮ್ಮೆ. 2004ರಲ್ಲಿ ಪರ್ಫಾರ್ಮಾ ಅನ್ನುವ ಸಂಸ್ಥೆ ಕಟ್ಟಿದರು, ಅದರ ಮೊದಲ ಬಿನಾಲೆ, ಎರಡು ವರ್ಷಕ್ಕೊಮ್ಮೆ ನಡೆಯುವ ಕಲಾ ಉತ್ಸವ, ನಾನು ಬಂದ ಅದೇ ನವೆಂಬರಿನಲ್ಲಿ ನಡೆಯಿತು. ಅದೇ ಸುಮಾರಿಗೆ ಮ್ಯೂಸಿಯಂಗಳೂ ಬಾಗಿಲು ತೆರೆದವು. ನ್ಯೂಯಾರ್ಕಿನ ಆಧುನಿಕ ಕಲೆಯ ಮ್ಯೂಸಿಯಂ ಮೋಮಾ 2009ರಲ್ಲಿ ತನ್ನ ಮೀಡಿಯಾ ವಿಭಾಗದ ಹೆಸರಿಗೆ ಪರ್ಫಾರ್ಮೆನ್ಸ್ ಅಂತ ಸೇರಿಸಿತು. ಲಂಡನ್ನಿನ ಟೇಟ್ ಮ್ಯೂಸಿಯಂ 2005ರಲ್ಲಿ ಮೊದಲ ಸಲ ಒಂದು ಪರ್ಫಾರ್ಮೆನ್ಸನ್ನು ಸಂಗ್ರಹಕ್ಕೆ ಕೊಂಡಿತು. ಸ್ಲೊವಾಕಿಯಾದ ಕಲಾವಿದ ರೋಮನ್ ಒಂಡಾಕ್ ಅವರದು. ಏನದು ಗೊತ್ತಾ? ಒಂದು ಕ್ಯೂ. ಜನ ಏನೂ ಇಲ್ಲದ ಕಡೆ ಸುಮ್ನೆ ಸಾಲಾಗಿ ನಿಲ್ಲುವುದು. ಇನ್ನೊಬ್ಬ ಕಲಾವಿದ ಟೀನೋ ಸೆಹ್‌ಗಾಲ್ ತಮ್ಮ ಕೃತಿಗಳನ್ನು ಮಾರುವಾಗ ಕಾಗದ ಪತ್ರ ಏನೂ ಕೊಡುವುದಿಲ್ಲ, ಎಲ್ಲ ಬಾಯಿಮಾತು. ಮ್ಯೂಸಿಯಂನವರು ಕೇಳಿ, ನೆನಪಿಟ್ಟುಕೊಂಡು, ಮುಂದಿನವರಿಗೆ ಹೇಳಿಕೊಡಬೇಕು. ನಮ್ಮ ಮೇಳಗಳಲ್ಲಿ ಪಾತ್ರ ಕಲಿಸುವ ಹಾಗೆ.

ಅಂದರೆ ಕೆಲಸ ಇದೆ. ಆದರೆ ತೀರಾ ಕಡಿಮೆ ಇದೆ. ನಾನು ಪಿಎಚ್‌ಡಿ ಮುಗಿಸಿದ ಮೇಲೆ 4 ವರ್ಷ ಎರಡು ಮೂರು ಕಾಲೇಜುಗಳಲ್ಲಿ ಕೋರ್ಸಿಗೆ ಇಷ್ಟು ಅಂತ ಪಾಠ ಮಾಡಿದೆ, ನಮ್ಮ ಕಡೆಯ ಗೆಸ್ಟ್ ಲೆಕ್ಚರರ್‌ಗಳ ಹಾಗೆ. ಬೇಸಿಗೆಯಲ್ಲಿ ಸಂಬಳ ಇಲ್ಲ. ರೈಲಿನಲ್ಲೇ ಪೇಪರ್ ತಿದ್ದುತ್ತಿದ್ದೆ. ವೀಸಾ ಬಗ್ಗೆ ಒಂದೇ ಮಾತು. ಕಲಾ ಇತಿಹಾಸ ಓದಿದವರಿಗೆ ಓದು ಮುಗಿದ ಮೇಲೆ ಕೆಲಸ ಮಾಡೋಕೆ ಸಿಗುವುದು 1 ವರ್ಷ, ಇಂಜಿನಿಯರಿಂಗ್‌ನವರ ಹಾಗೆ 3 ವರ್ಷ ಅಲ್ಲ. ನಿನ್ನ ಕಸಿನ್ ಹೇಳಿದ ಆ ಮೂರು ವರ್ಷದ ಲೆಕ್ಕ ನಿನಗೆ ಹೊಂದುವುದಿಲ್ಲ. ಉಳಿದದ್ದನ್ನು ಯೂನಿವರ್ಸಿಟಿಯ ಆಫೀಸಿನಲ್ಲೇ ಕೇಳು, ನನ್ನ ಕಾಲದ್ದು ಈಗ ನಡೆಯಲಿಕ್ಕಿಲ್ಲ. ಜರ್ಮನ್ ಕಲಿ, ಕಲಾ ಇತಿಹಾಸದ ಓದಿಗೆ ಬೇಕಾಗುತ್ತದೆ, ಈಗಲೇ ಶುರು ಮಾಡು.

ಅಪ್ಪನಿಗೆ ಟೆಹ್‌ಚಿಂಗ್ ಶೇ ಕಥೆ ಹೇಳು. ಡಿಪೋದಲ್ಲಿ ಹಾಜರಿ ಹಾಕಿ ಕೆಲಸ ಮಾಡಿದವರಿಗೆ ಅದು ಬೇಗ ಹಿಡಿಯುತ್ತದೆ. ಶೇ ತೈವಾನಿನ ಕಲಾವಿದರು. ಹಡಗಿನಲ್ಲಿ ಕೆಲಸಕ್ಕೆ ಸೇರಿ 1974ರಲ್ಲಿ ಫಿಲಡೆಲ್ಫಿಯಾ ಹತ್ತಿರ ಹಡಗು ನಿಂತಾಗ ಇಳಿದು ನಡೆದುಬಿಟ್ಟರು. 14 ವರ್ಷ ಕಾಗದಪತ್ರ ಇಲ್ಲದೆ ಇಲ್ಲಿದ್ದರು. ಪಾತ್ರೆ ತೊಳೆದರು, ನೆಲ ಒರೆಸಿದರು. 1980ರ ಏಪ್ರಿಲಿನಿಂದ ಒಂದು ವರ್ಷ, ಹಗಲೂ ರಾತ್ರಿ, ಗಂಟೆಗೊಂದು ಸಲ ತಮ್ಮ ಮನೆಯಲ್ಲೇ ಇಟ್ಟ ಪಂಚಿಂಗ್ ಮಷಿನ್ನಿಗೆ ಕಾರ್ಡ್ ಹಾಕಿದರು. ಪ್ರತಿ ಸಲ ಒಂದು ಫ್ರೇಮ್ ಫಿಲ್ಮ್ ತೆಗೆದುಕೊಂಡರು. 8,760 ಸಲದಲ್ಲಿ ತಪ್ಪಿದ್ದು 133. ಅದರಲ್ಲಿ 94 ನಿದ್ದೆಯಿಂದ. ಆ ಲೆಕ್ಕವನ್ನೂ ಮುಚ್ಚಿಡದೆ ಬರೆದಿಟ್ಟಿದ್ದಾರೆ. ಶುರುವಿನಲ್ಲಿ ತಲೆ ಬೋಳಿಸಿಕೊಂಡಿದ್ದರು. ಆ ಫಿಲ್ಮು ಓಡಿಸಿದರೆ 6 ನಿಮಿಷದಲ್ಲಿ ಕೂದಲು ಭುಜದವರೆಗೆ ಬೆಳೆಯುತ್ತದೆ. ವೀಸಾ ಚಿಂತೆಯಲ್ಲಿ ನಿದ್ದೆ ಬರದ ದಿನಗಳಲ್ಲಿ ನಾನು ಅದನ್ನು ಎಷ್ಟು ಸಲ ನೋಡಿದ್ದೇನೋ. ಇಂಥ ಒಂದು ವರ್ಷ ನಡೆಯಿತು ಅಂತ ಸಾಕ್ಷಿ ಹುಡುಕಿ, ಅದು ಯಾಕೆ ನಡೆಯಿತು ಅಂತ ಬರೆಯುವುದು ನಿನ್ನ ಕೆಲಸ. ಅಪ್ಪನಿಗೆ ಅಷ್ಟು ಹೇಳಿದರೆ ಸಾಕು. ನಮ್ಮಪ್ಪನೂ 30 ವರ್ಷ ಸೊಸೈಟಿಯಲ್ಲಿ ಗುಮಾಸ್ತರಾಗಿ ಸಹಿ ಹಾಕಿದವರು. ಹೇಳಿದ್ದರೆ ಅವರಿಗೂ ತಿಳಿಯುತ್ತಿತ್ತು.

ಇನ್ನೊಂದು ವಿಷಯ ನೀನು ಕೇಳಿಲ್ಲ. ಆದರೂ ಬರೆಯುತ್ತೇನೆ.

ನನ್ನ ಪ್ರಬಂಧದ ಒಂದು ಅಧ್ಯಾಯ ಒಬ್ಬ ಕಲಾವಿದೆಯ ಮೇಲಿತ್ತು. ಹೆಸರು ಬೇಡ. 70ರ ದಶಕದಲ್ಲಿ ಮ್ಯಾನ್‌ಹಟನ್ನಿನ ಬೀದಿಯಲ್ಲಿ ಅವರು ಮಾಡಿದ ಒಂದು ಪ್ರದರ್ಶನದ ಒಂದೇ ಫೋಟೋ ಉಳಿದಿತ್ತು. ಅದನ್ನಿಟ್ಟುಕೊಂಡು 30 ಪುಟ ಬರೆದಿದ್ದೆ. ಜನ ಎಲ್ಲಿ ನಿಂತಿದ್ದಾರೆ, ಬಿಸಿಲು ಎಲ್ಲಿ ಬಿದ್ದಿದೆ, ಎಲ್ಲ. 2010ರಲ್ಲಿ ಅವರ ಮನೆಗೆ ಹೋದೆ. ಈಸ್ಟ್ ವಿಲೇಜಿನಲ್ಲಿ, ಲಿಫ್ಟ್ ಇಲ್ಲದ ನಾಲ್ಕನೇ ಮಹಡಿ. ಮಂಚದ ಕೆಳಗೆಲ್ಲ ರಟ್ಟಿನ ಡಬ್ಬಗಳು. ಫೋಟೋ ತೋರಿಸಿದೆ. ನೋಡಿ ಹೇಳಿದರು, ಆ ದಿನ ಮಳೆ, ಫೋಟೋದವನು ಬರಲಿಲ್ಲ, ಇದು ಮಾರನೇ ದಿನ ಕ್ಯಾಮೆರಾಗೋಸ್ಕರ ಮತ್ತೆ ಮಾಡಿದ್ದು ಅಂತ. ನೋಡುತ್ತ ನಿಂತವರು ಅವರ ಸ್ನೇಹಿತರೇ.

ಇಂಥದ್ದು ಈ ಕ್ಷೇತ್ರದಲ್ಲಿ ಹೊಸದಲ್ಲ. ಫ್ರೆಂಚ್ ಕಲಾವಿದ ಈವ್ ಕ್ಲೈನ್ 1960ರಲ್ಲಿ ಗೋಡೆಯಿಂದ ಹಾರಿದ ಫೋಟೋ ನಿನಗೆ ಗೊತ್ತಲ್ಲ. ಕೆಳಗೆ ಸ್ನೇಹಿತರು ಹಿಡಿದಿದ್ದ ಟಾರ್ಪಾಲನ್ನು ಮರೆಮಾಡಿ ಎರಡು ಚಿತ್ರ ಸೇರಿಸಿದ್ದು. ಓದಿದ್ದೆ, ಪಾಠವನ್ನೂ ಮಾಡಿದ್ದೆ. ಆದರೂ ನನ್ನ ಕೈಲಿದ್ದ ಫೋಟೋವನ್ನು ಅನುಮಾನಿಸಲಿಲ್ಲ.

ಅವರು ಕುರ್ಚಿಯಿಂದ ಎದ್ದರು. ಮಳೆಯಲ್ಲಿ ಹೇಗೆ ನಡೆದೆ ಅಂತ ತೋರಿಸುತ್ತೇನೆ, ಆದರೆ ಮೊದಲು ನಮ್ಮಮ್ಮನ ಬಗ್ಗೆ ಹೇಳಬೇಕು ಅಂದರು. ನನ್ನ ಕೈಲಿ ಪ್ರಶ್ನೆಗಳ ಪಟ್ಟಿ ಇತ್ತು. ಒಂದು ಗಂಟೆಗೆ ಕ್ಲಾಸ್ ಇತ್ತು. 'ಅದಕ್ಕೆ ಆಮೇಲೆ ಬರೋಣ' ಅಂದೆ. ಮುಂದಿನ ವಾರ ಬಾ ಅಂದರು. ಆ ವಾರ ಅರ್ಜಿ ಹಾಕೋದಿತ್ತು, ಅದರ ಮುಂದಿನ ವಾರ ಫೆಬ್ರವರಿಯ ಕಾಲೇಜ್ ಆರ್ಟ್ ಅಸೋಸಿಯೇಷನ್ ಸಮ್ಮೇಳನದ ಪೇಪರ್. ನಾನು ಮತ್ತೆ ಹೋಗುವ ಹೊತ್ತಿಗೆ ಅವರು ಆಸ್ಪತ್ರೆ ಸೇರಿ ತೀರಿಕೊಂಡಿದ್ದರು. ಮನೆ ಖಾಲಿ ಮಾಡಿಸಿದ್ದರು. ಡಬ್ಬಗಳನ್ನು ಕಸದ ಚೀಲಗಳ ಜೊತೆ ರಸ್ತೆ ಬದಿಗೆ ಇಟ್ಟಿದ್ದರಂತೆ, ಕೆಳಗಿನ ಅಂಗಡಿಯವನು ಹೇಳಿದ.

ನನ್ನ ಹತ್ತಿರ 22 ನಿಮಿಷದ ರೆಕಾರ್ಡಿಂಗ್ ಇದೆ. ಹಿಂದೆ ಕೆಟಲ್ ಕೂಗುತ್ತದೆ. ಕುರ್ಚಿ ಸರಿದ ಸದ್ದು ಕೇಳುತ್ತದೆ. ಆಮೇಲೆ ನನ್ನದೇ ದನಿ, ಅದಕ್ಕೆ ಆಮೇಲೆ ಬರೋಣ. ಅಧ್ಯಾಯ ತಿದ್ದಿ ಬರೆದೆ, ಡಿಗ್ರಿ ಬಂತು, ಕೆಲಸವೂ ಸಿಕ್ಕಿತು. ಆ ನಡಿಗೆ ಹೇಗಿತ್ತು ಅಂತ ಬಲ್ಲವರು ಈಗ ಯಾರೂ ಇಲ್ಲ.

ನಿನ್ನ ಪತ್ರದ ಕೊನೆಯ ಸಾಲಿನಲ್ಲಿ, ಬಿಟ್ಟುಹೋಗಿದ್ದನ್ನು ಸೇರಿಸಿದ ಹಾಗೆ, ನಿಮ್ಮಜ್ಜ ದೊಡ್ಡಾಟದಲ್ಲಿ ವೇಷ ಹಾಕುತ್ತಿದ್ದರು, 80 ದಾಟಿದೆ, ಈಗ ಕಿವಿ ಮಂದ ಅಂತ ಬರೆದಿದ್ದೀಯ. ಟಿಕೆಟ್ ಆಗಸ್ಟಿಗೆ ಅಂದೆ. ಪ್ಯಾಕಿಂಗ್ ಅಮ್ಮ ನೋಡಿಕೊಳ್ಳುತ್ತಾರೆ. ನೀನು ಒಂದು ವಾರ ಊರಿಗೆ ಹೋಗಿ ಅಜ್ಜನ ಹತ್ತಿರ ಕೂತ್ಕೋ. ಪ್ರಶ್ನೆ ಬರೆದುಕೊಂಡು ಹೋಗಬೇಡ. ಫೋನನ್ನು ಪಕ್ಕದಲ್ಲಿ ಆನ್ ಮಾಡಿಟ್ಟುಬಿಡು. ಅವರು ಎತ್ತಿನ ವಿಷಯ ತೆಗೆಯಲಿ, ಹೊಲದ ವ್ಯಾಜ್ಯ ತೆಗೆಯಲಿ, ಹೇಳಲಿ ಬಿಡು. ಎದ್ದು ನಿಂತರೆ ಮಾತ್ರ ಫೋನ್ ಕೈಗೆ ತಗೊಂಡು ಕಾಲು ಕಾಣುವ ಹಾಗೆ ಹಿಡಿ.

ವಿಮಾನ ಯಾವ ದಿನ, ಯಾವ ಟರ್ಮಿನಲ್ ಅಂತ ಬರೆ. ನಾನೇ ಬರುತ್ತೇನೆ ಕರೆದುಕೊಂಡು ಹೋಗೋಕೆ.