1991ರ ಮಿಯಾಟಾ ವಾಟರ್ ಪಂಪ್ ಮನೇಲೇ ಬದಲಾಯಿಸ್ಬೋದಾ? ಟೈಮಿಂಗ್ ಬೆಲ್ಟ್ ಬಿಚ್ಚೋಕೆ ಭಯ ಆಗ್ತಿದೆ

ಖಂಡಿತ ಮಾಡ್ಬೋದು. ನೀವು ಹೇಳಿರೋದು 1991ರ ಮಾಜ್ದಾ ಮಿಯಾಟಾ, 1.6 ಲೀಟರ್ ಇಂಜಿನ್ನು, ಮುಂದ್ಗಡೆ ಹಸಿರು ಕೂಲೆಂಟ್ (ಇಂಜಿನ್ ತಣ್ಣಗಿಡೋ ನೀರು) ತೊಟ್ಟಿಕ್ತಿದೆ, ಗ್ಯಾರೇಜಿನವರು ಅದನ್ನ ಸುತ್ತಿಸೋ ಪಂಪ್ ಹೋಗಿದೆ ಅಂತ ದೊಡ್ಡ ಎಸ್ಟಿಮೇಟ್ ಕೊಟ್ಟಿದಾರೆ, ಬೆಲ್ಟ್ ಒಂದು ಹಲ್ಲು ಆಚೀಚೆ ಆದ್ರೆ ಇಂಜಿನ್ನೇ ಹೋಗ್ಬಿಡುತ್ತಾ ಅನ್ನೋದು ನಿಮ್ಮ ಪ್ರಶ್ನೆ. ನಾನೂ ಕೆಲಸಕ್ಕೆ ಅಂತ ಅಮೆರಿಕಾಕ್ಕೆ ಬಂದವನೇ, ಓಹಾಯೋದಲ್ಲಿದೀನಿ, ನನ್ನ ಹತ್ರ ಇರೋದೂ ಅದೇ 1.6, ಅದರ ಪಂಪು ಬೆಲ್ಟು ಎರಡೂ ಮನೆ ಗ್ಯಾರೇಜಲ್ಲೇ ಹಾಕಿದೀನಿ, ಅದಕ್ಕೇ ಸ್ವಲ್ಪ ಉದ್ದಕ್ಕೇ ಬರೀತೀನಿ.

ಮೊದ್ಲು ಭಯದ ವಿಷ್ಯ. ಪಿಸ್ಟನ್ ಓಡಾಟಕ್ಕೆ ತಕ್ಕ ಹಾಗೆ ವಾಲ್ವ್‌ಗಳನ್ನ ತೆರೆದು ಮುಚ್ಚಿಸೋದು ಟೈಮಿಂಗ್ ಬೆಲ್ಟು. ಕೆಲವು ಇಂಜಿನ್‌ಗಳಲ್ಲಿ ಬೆಲ್ಟ್ ತುಂಡಾದ್ರೆ ಇಲ್ಲಾ ಟೈಮಿಂಗ್ ತಪ್ಪಿದ್ರೆ ಪಿಸ್ಟನ್ ಮೇಲೆ ಬಂದು ವಾಲ್ವ್‌ಗೆ ಗುದ್ದಿ ವಾಲ್ವ್ ಬಗ್ಗಿಹೋಗುತ್ತೆ, ಪೋರ್ಷೆ 944 ಥರದ್ದು ಆ ಜಾತಿ. ನಿಮ್ಮ ಮಿಯಾಟಾ ಇಂಜಿನ್ ಹಾಗಲ್ಲ, ವಾಲ್ವ್ ಪೂರ್ತಿ ತೆರೆದಿದ್ರೂ ಪಿಸ್ಟನ್‌ಗೆ ತಾಗದಷ್ಟು ಜಾಗ ಇದೆ. ಬೆಲ್ಟ್ ಒಂದು ಹಲ್ಲು ತಪ್ಪಿ ಕೂತ್ರೆ ಗಾಡಿ ಎಳೆಯಲ್ಲ, ಐಡಲ್ ಸರಿ ಇರಲ್ಲ, ಮತ್ತೆ ಬಿಚ್ಚಿ ಸರಿ ಮಾಡ್ಬೇಕು, ಅಷ್ಟೇ. ಮೊದಲನೇ ಸಲ ಟೈಮಿಂಗ್ ಬೆಲ್ಟ್ ಕೆಲಸ ಕಲಿಯೋಕೆ ಇದಕ್ಕಿಂತ ಒಳ್ಳೆ ಸ್ಪೋರ್ಟ್ಸ್ ಕಾರ್ ನನಗೆ ಗೊತ್ತಿಲ್ಲ.

ಆದ್ರೆ ಪಾರ್ಟ್ಸ್ ಆರ್ಡರ್ ಮಾಡೋಕ್ ಮುಂಚೆ ಲೀಕ್ ನಿಜವಾಗ್ಲೂ ಪಂಪಿಂದಾನೇ ಬರ್ತಿದೆಯಾ ನೋಡಿ. ಪಂಪಿನ ಶಾಫ್ಟ್ ಸೀಲ್ ಸವೆದ್ರೆ ನೀರು ಬೇರಿಂಗ್ ಕಡೆ ಹೋಗದೆ ಆಚೆ ಬರ್ಲಿ ಅಂತ ಬಾಡೀಲಿ ಒಂದು ಸಣ್ಣ ತೂತು ಬಿಟ್ಟಿರ್ತಾರೆ, ಅಲ್ಲಿಂದ ತೊಟ್ಟಿಕ್ತಿದ್ರೆ ಪಂಪ್ ಹೋಗಿದೆ ಅಂತಾನೇ ಅರ್ಥ. ಇಂಜಿನ್ ಆಫ್ ಮಾಡಿ ಬೆಲ್ಟ್ ಸಡಿಲ ಮಾಡಿ ಪಂಪಿನ ಪುಲ್ಲಿ ಹಿಡಿದು ಅಲ್ಲಾಡಿಸಿ, ಆಟ ಇದ್ರೆ, ತಿರುಗಿಸ್ದಾಗ ಗರಗರ ಅಂದ್ರೆ ಬೇರಿಂಗೂ ಹೋಗಿದೆ. ಹಾಗಿಲ್ಲದೆ ಮೇಲಿಂದ ಇಳೀತಿದ್ರೆ ಥರ್ಮೋಸ್ಟಾಟ್ (ಇಂಜಿನ್ ಬಿಸಿಯಾದ್ಮೇಲೆ ಕೂಲೆಂಟಿಗೆ ದಾರಿ ಬಿಡೋ ವಾಲ್ವ್) ಹೌಸಿಂಗ್ ಆಗಿರ್ಬೋದು, ಈ ಇಂಜಿನ್ನಲ್ಲಿ ಅದು ಮುಂದ್ಗಡೇನೇ ಇರೋದು. ರೇಡಿಯೇಟರ್ ಮೇಲಿನ ಪ್ಲಾಸ್ಟಿಕ್ ಟ್ಯಾಂಕನ್ನೂ ನೋಡಿ, ಹೊಸದ್ರಲ್ಲಿ ಕಪ್ಪಗಿರುತ್ತೆ, ಹಳೇದಾದ್ರೆ ಹಸಿರು ಮಿಶ್ರ ಕಂದು ಬಣ್ಣಕ್ಕೆ ತಿರುಗುತ್ತೆ, ಆ ಬಣ್ಣ ಬಂದಿದ್ರೆ ಇವತ್ತಲ್ಲ ನಾಳೆ ಸೀಳುತ್ತೆ, ಇದೇ ಕೈಯಲ್ಲಿ ಅದನ್ನೂ ಬದಲಾಯಿಸಿ ಅಂತೀನಿ.

ಈ ಪಂಪನ್ನ ತಿರುಗಿಸೋದು ಆಲ್ಟರ್ನೇಟರ್ ಬೆಲ್ಟು, ಟೈಮಿಂಗ್ ಬೆಲ್ಟ್ ಅಲ್ಲ. ಆದ್ರೂ ಪಂಪಿನ ಬಾಡಿ ಕೂತಿರೋದು ಟೈಮಿಂಗ್ ಬೆಲ್ಟಿನ ಹಿಂದೆ, ಅದಕ್ಕೇ ಅಷ್ಟೆಲ್ಲ ಬಿಚ್ಚೋದು. ಪಂಪನ್ನ ಹಿಡಿದಿರೋದು ನಾಕೇ ಬೋಲ್ಟು, ಕೆಲಸ ಪೂರ್ತಿ ಇರೋದು ಅಲ್ಲಿವರೆಗೆ ತಲುಪೋದ್ರಲ್ಲಿ. ಹೀಗಿರೋವಾಗ ಬರೀ ಪಂಪ್ ಹಾಕಿ ಮುಚ್ಚೋದು ನನ್ನ ಪ್ರಕಾರ ದಂಡ. ಟೈಮಿಂಗ್ ಬೆಲ್ಟಿಗೆ ಕಂಪನಿ ಹೇಳೋದೇ 60,000 ಮೈಲಿ, ನಿಮ್ಮದು ಯಾವಾಗ ಹಾಕಿದ್ದು ಅಂತ ದಾಖಲೆ ಇಲ್ದಿದ್ರೆ ಹೊಸಾದು ಹಾಕಿ, ಜೊತೆಗೆ ಟೆನ್ಷನರ್ (ಬೆಲ್ಟನ್ನ ಬಿಗಿಯಾಗಿಡೋ ಚಕ್ರ), ಐಡ್ಲರ್ (ಬೆಲ್ಟಿಗೆ ದಾರಿ ತೋರೋ ಚಕ್ರ), ಎರಡು ಕ್ಯಾಮ್ ಸೀಲ್ (ಕ್ಯಾಮ್ ಅಂದ್ರೆ ವಾಲ್ವ್ ಒತ್ತೋ ಶಾಫ್ಟು), ಥರ್ಮೋಸ್ಟಾಟ್, ಮುಂದಿನ ಹೋಸ್‌ಗಳು, ವಾಲ್ವ್ ಕವರ್ ಗ್ಯಾಸ್ಕೆಟ್. ಪಂಪಿಗೆ ಹೋಗೋ ಇನ್‌ಲೆಟ್ ಪೈಪಿನ ಓ-ರಿಂಗು ಗ್ಯಾಸ್ಕೆಟ್ಟು ಕಿಟ್‌ನಲ್ಲಿದೆಯಾ ಅಂತ ಕೇಳಿ ತಗೊಳ್ಳಿ. ಬೆಂಗಳೂರಲ್ಲಾಗಿದ್ರೆ ಅರ್ಧಕ್ಕೆ ನಿಲ್ಲಿಸಿ ಜೆ.ಸಿ. ರೋಡಿಗೆ ಹೋಗಿ ಸ್ಪೇರ್ ಹುಡುಕಬಹುದಿತ್ತು, ಇಲ್ಲಿ ಹಳೇ ಮಿಯಾಟಾ ಸೀಲ್ ಪಕ್ಕದಂಗಡೀಲಿ ಸಿಗಲ್ಲ, ಎಲ್ಲಾ ಕೈಗೆ ಬಂದ್ಮೇಲೆ ಶುರು ಮಾಡಿ. ಅಪಾರ್ಟ್‌ಮೆಂಟಲ್ಲಿದ್ರೆ ಪಾರ್ಕಿಂಗಲ್ಲಿ ರಿಪೇರಿ ಮಾಡ್ಬೋದಾ ಅಂತ ಲೀಸ್ ಓದ್ಕೊಳ್ಳಿ, ಎಷ್ಟೋ ಕಡೆ ಬಿಡಲ್ಲ.

ಈಗ 1991 ಅಂದಿದ್ರಲ್ಲ, ಅದಕ್ಕೇ ಒಂದು ಮುಖ್ಯವಾದ ವಿಷ್ಯ. 1990 ಮತ್ತು 91ರ ಮೊದಲ ಭಾಗದ ಗಾಡಿಗಳಲ್ಲಿ ಕ್ರ್ಯಾಂಕ್‌ಶಾಫ್ಟ್ (ಪಿಸ್ಟನ್‌ಗಳು ತಿರುಗಿಸೋ ಮುಖ್ಯ ಶಾಫ್ಟು) ಮೂತಿ, ಅಂದ್ರೆ ಮುಂದಿನ ತುದಿ, ಗಿಡ್ಡ, ಆಮೇಲಿಂದಕ್ಕೆ ಉದ್ದ ಮಾಡಿದ್ರು. ಗಿಡ್ಡದ್ರಲ್ಲಿ ನಡುವಿನ ದೊಡ್ಡ ಬೋಲ್ಟ್ ಸರಿಯಾಗಿ ಬಿಗಿಯಾಗದಿದ್ರೆ ಒಳಗಿರೋ ಕೀ (ಪುಲ್ಲಿ ಜಾರದ ಹಾಗೆ ಹಿಡಿಯೋ ಸಣ್ಣ ಲೋಹದ ತುಂಡು) ಮತ್ತೆ ಅದು ಕೂರೋ ಸಂದು ಸವೆದು ಪುಲ್ಲಿ ಅಲ್ಲಾಡೋಕೆ ಶುರುವಾಗುತ್ತೆ, ಟೈಮಿಂಗ್ ಜಾರುತ್ತೆ, ಕೊನೆಗೆ ಕ್ರ್ಯಾಂಕೇ ಹಾಳಾಗುತ್ತೆ. ಯಾವುದು ಅಂತ ಗುರುತಿಸೋದು ಸುಲಭ, ಮುಂದ್ಗಡೆ ಕ್ರ್ಯಾಂಕ್ ಪುಲ್ಲೀಲಿ ಆ ನಡುವಿನ ಬೋಲ್ಟ್ ಸುತ್ತ ಸೀಳು ಥರ ಕಾಣುತ್ತಲ್ಲ, ನಾಕಿದ್ರೆ ಗಿಡ್ಡ, ಎಂಟಿದ್ರೆ ಉದ್ದ. ಗಿಡ್ಡದ್ದಾಗಿದ್ದು, ಕ್ರ್ಯಾಂಕ್ ಸೀಲ್ ಒಣಗೇ ಇದ್ದು ಎಣ್ಣೆ ಬರ್ತಿಲ್ಲ ಅಂದ್ರೆ ನಡುವಿನ ಬೋಲ್ಟಿಗೆ ಕೈ ಹಾಕ್ಲೇಬೇಡಿ. ಪುಲ್ಲಿ ಬಿಚ್ಚೋಕೆ ಅದು ಬೇಕಾಗಿಲ್ಲ, ಅದರ ಸುತ್ತ ಇರೋ ನಾಕು ಸಣ್ಣ ಬೋಲ್ಟ್ ತೆಗೆದ್ರೆ ಪುಲ್ಲಿ ಬರುತ್ತೆ. ಸೀಲ್ ಲೀಕಿದ್ದು ತೆಗೀಲೇಬೇಕು ಅಂದ್ರೆ ಹೊಸ ಬೋಲ್ಟು ಹೊಸ ಕೀ ತಂದಿಟ್ಕೊಂಡು, ಮ್ಯಾನ್ಯುಯಲಲ್ಲಿ ಗಿಡ್ಡ ಮೂತಿಗೆ ಕೊಟ್ಟಿರೋ ಟಾರ್ಕಿಗೇ (ಬಿಗಿಯೋ ಬಲದ ಅಳತೆ) ಬಿಗೀರಿ, ಉದ್ದದ್ದರ ಲೆಕ್ಕ ಬೇರೆ.

ಬಿಚ್ಚೋ ದಿನ ಇಂಜಿನ್ ಪೂರ್ತಿ ತಣ್ಣಗಿರ್ಬೇಕು, ಬಿಸಿ ಇದ್ದಾಗ ರೇಡಿಯೇಟರ್ ಕ್ಯಾಪ್ ತೆಗೆದ್ರೆ ಕುದಿಯೋ ನೀರು ಮುಖಕ್ಕೇ ಹಾರುತ್ತೆ. ಗಾಡೀನ ಜಾಕ್ ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಬರೀ ಜಾಕ್ ನಂಬ್ಕೊಂಡು ಕೆಳಗೆ ಹೋಗ್ಬೇಡಿ. ಬ್ಯಾಟರಿ ಡಿಕ್ಕೀಲಿದೆ, ಅದರ ನೆಗೆಟಿವ್ ತೆಗೀರಿ. ಕೆಳಗಿನ ಪ್ಲಾಸ್ಟಿಕ್ ತಟ್ಟೆ ಬಿಚ್ಚಿ, ರೇಡಿಯೇಟರ್ ತಳದ ಪ್ಲಗ್ ತೆಗೆದು ಕೂಲೆಂಟ್ ಇಳಿಸಿ. ಆಮೇಲೆ ಗಾಳಿ ಹೋಗೋ ದೊಡ್ಡ ಪೈಪು, ಮೇಲಿನ ಹೋಸು. ಬೆಲ್ಟ್‌ಗಳನ್ನ ಸಡಿಲ ಮಾಡೋಕ್ ಮುಂಚೆನೇ ಪಂಪ್ ಪುಲ್ಲಿಯ ಮೂರು ಬೋಲ್ಟ್‌ಗಳನ್ನ ಸ್ವಲ್ಪ ಸಡಿಲ ಮಾಡಿಟ್ಕೊಳ್ಳಿ, ಬೆಲ್ಟ್ ಬಿಗಿ ಇರೋವಾಗ ಪುಲ್ಲಿ ತಿರುಗಲ್ಲ, ಆಮೇಲಾದ್ರೆ ಅದು ಸುಮ್ನೆ ಸುತ್ತುತ್ತಾನೇ ಇರುತ್ತೆ. ಸ್ಪಾರ್ಕ್ ಪ್ಲಗ್ ನಾಕೂ ತೆಗೀರಿ, ಇಂಜಿನ್ ಕೈಯಲ್ಲೇ ಹಗುರವಾಗಿ ತಿರುಗುತ್ತೆ. ವಾಲ್ವ್ ಕವರ್, ಟೈಮಿಂಗ್ ಕವರ್ ಮೂರು ತುಂಡು, ಹೆಚ್ಚುಕಮ್ಮಿ ಎಲ್ಲಾ 10 ನಂಬರ್ ಬೋಲ್ಟೇ, ಆದ್ರೆ ಉದ್ದ ಬೇರೆ ಬೇರೆ, ರಟ್ಟಿನ ಮೇಲೆ ಕವರಿನ ಚಿತ್ರ ಬರೆದು ಬೋಲ್ಟನ್ನ ಆಯಾ ಜಾಗಕ್ಕೆ ಚುಚ್ಚಿಡಿ.

ಗುರುತು ಹೊಂದಿಸೋದಕ್ಕೇ ಎಲ್ಲಕ್ಕಿಂತ ಜಾಸ್ತಿ ಟೈಮ್ ಕೊಡಿ. ಇಂಜಿನ್ನನ್ನ ಗಡಿಯಾರದ ದಿಕ್ಕಲ್ಲೇ ತಿರುಗಿಸಿ. ಇನ್‌ಟೇಕ್ ಕ್ಯಾಮಿನ ಚಕ್ರದ ಮೇಲೆ ಇಂಗ್ಲಿಷಿನ ಐ, ಎಕ್ಸಾಸ್ಟ್ ಕ್ಯಾಮಿನ ಮೇಲೆ ಇ ಅಕ್ಷರ ಇರುತ್ತೆ, ಅವೆರಡೂ ಹಿಂದಿರೋ ಪ್ಲೇಟಿನ ಗುರುತಿಗೆ ನೇರ ಬರ್ಬೇಕು, ಅದೇ ಹೊತ್ತಿಗೆ ಕೆಳಗೆ ಕ್ರ್ಯಾಂಕ್ ಚಕ್ರದ ಗುರುತು ಆಯಿಲ್ ಪಂಪ್ ಮೇಲಿನ ಬಾಣಕ್ಕೆ ನೇರ ಇರ್ಬೇಕು. ಹಾಗೆ ನಿಲ್ಲಿಸಿ ಫೋಟೋ ತಗೊಂಡು, ಆಮೇಲೆ ಟೆನ್ಷನರ್ ಸಡಿಲ ಮಾಡಿ ಬೆಲ್ಟ್ ಬಿಚ್ಚಿ. ಹೊಸ ಬೆಲ್ಟ್ ಕೂರಿಸ್ದಾಗ ಮೇಲ್ಗಡೆ ಐ ಗುರುತಿಂದ ಇ ಗುರುತಿನ ಮಧ್ಯೆ ಬೆಲ್ಟಿನ 19 ಹಲ್ಲು ಇರ್ಬೇಕು, ಕಣ್ಣಳತೆ ಬೇಡ, ಬೆರಳಿಟ್ಟು ಎಣಿಸಿ. ಟೆನ್ಷನರ್ ಇಲ್ದಿರೋ ಕಡೆ ಬೆಲ್ಟ್ ಬಿಗಿಯಾಗಿರ್ಬೇಕು, ಸಡಿಲ ಪೂರ್ತಿ ಟೆನ್ಷನರ್ ಕಡೆಗೇ ಬರ್ಬೇಕು. ಆಮೇಲೆ ಕ್ರ್ಯಾಂಕನ್ನ ಒಂದು ಪೂರ್ತಿ ಸುತ್ತು, ಜೊತೆಗೆ ಆರರಲ್ಲಿ ಐದು ಭಾಗ ತಿರುಗಿಸಿ ಟೆನ್ಷನ್ ಗುರುತಿಗೆ ತಂದು, ಟೆನ್ಷನರ್ ಬೋಲ್ಟ್ ಸಡಿಲ ಮಾಡಿ, ಸ್ಪ್ರಿಂಗ್ ಎಷ್ಟು ಎಳೆಯುತ್ತೋ ಅಷ್ಟಕ್ಕೇ ಬಿಗೀರಿ, ನೀವಾಗಿ ಒತ್ತಬೇಡಿ. ಇನ್ನೂ ಎರಡು ಸುತ್ತು ಮತ್ತು ಆರರಲ್ಲಿ ಒಂದು ಭಾಗ ತಿರುಗಿಸಿದ್ರೆ ಮೂರೂ ಗುರುತು ಮತ್ತೆ ನೇರ ಬರುತ್ತೆ. ಬರ್ಲಿಲ್ಲ ಅಂದ್ರೆ ಬೆಲ್ಟ್ ತೆಗೆದು ಮತ್ತೆ ಕೂರಿಸಿ.

ಪಂಪ್ ಹಾಕೋವಾಗ ಹೊಸ ಪಂಪಿಗಿಂತ ಇಂಜಿನ್ ಕಡೆಯ ಮುಖ ಮುಖ್ಯ. ಹಳೇ ಗ್ಯಾಸ್ಕೆಟ್ ಅಲ್ಲಿ ಸುಟ್ಟ ಪಾತ್ರೆ ತಳದ ಥರ ಹಿಡ್ಕೊಂಡಿರುತ್ತೆ, ಪ್ಲಾಸ್ಟಿಕ್ ಸ್ಕ್ರೇಪರ್‌ನಲ್ಲಿ ನಿಧಾನಕ್ಕೆ ಕೆರೀರಿ, ಸ್ಕ್ರೂಡ್ರೈವರ್ ಹಾಕಿ ಗೀರಿದ್ರೆ ಆ ಗೀರಿಂದಾನೇ ಲೀಕ್ ಬರುತ್ತೆ. ಬೆರಳಾಡಿಸಿದ್ರೆ ಎಲ್ಲೂ ಏನೂ ತಾಗಬಾರದು, ಒರೆಸಿ ಒಣಗಿಸಿ. ನಾಕೂ ಬೋಲ್ಟನ್ನ ಕೈಯಲ್ಲಿ ಹತ್ತಿಸಿ, ಎದುರುಬದುರು ಬಿಗೀತಾ ಬನ್ನಿ, ಕೊನೆಗೆ ಟಾರ್ಕ್ ರೆಂಚಲ್ಲಿ 14ರಿಂದ 19 ಪೌಂಡ್-ಅಡಿ. ಜೋರಾಗಿ ಬಿಗಿದ್ರೆ ಲೀಕ್ ನಿಲ್ಲುತ್ತೆ ಅನ್ಕೋಬೇಡಿ, ಥ್ರೆಡ್ ಕಿತ್ತು ಬರುತ್ತೆ. ವಾಲ್ವ್ ಕವರ್ ಮುಚ್ಚೋವಾಗ ಮುಂದಿನ ಮೂಲೆಗಳಿಗೆ ಒಂದೊಂದು ಚುಕ್ಕೆ ಸಿಲಿಕೋನ್ ಸಾಕು.

ಕೂಲೆಂಟು ಡಿಸ್ಟಿಲ್ಡ್ ವಾಟರ್ ಅರ್ಧರ್ಧ, ಒಟ್ಟು ಆರು ಲೀಟರ್ ಆಸುಪಾಸು ಹಿಡಿಯುತ್ತೆ. ಗಾಡಿ ಮುಂಭಾಗ ಸ್ವಲ್ಪ ಎತ್ತರಕ್ಕಿಟ್ಟು, ಹೀಟರ್ ಫುಲ್ ಬಿಸಿಗಿಟ್ಟು, ಕ್ಯಾಪ್ ತೆಗೆದೇ ಸ್ಟಾರ್ಟ್ ಮಾಡಿ, ಥರ್ಮೋಸ್ಟಾಟ್ ತೆರೆದಾಗ ಗುಳುಗುಳು ಅಂತ ಗಾಳಿ ಬಂದು ಮಟ್ಟ ಇಳಿಯುತ್ತೆ, ತುಂಬಿಸ್ತಾ ಇರಿ, ಗುಳ್ಳೆ ನಿಂತ್ಮೇಲೆ ಕ್ಯಾಪ್ ಹಾಕಿ. ಒಳಗೆ ಹೀಟರಿಂದ ತಣ್ಣನೆ ಗಾಳಿ ಬರ್ತಿದ್ರೆ ಇನ್ನೂ ಗಾಳಿ ಉಳಿದಿದೆ.

ಇಳಿಸಿದ ಹಳೇ ಕೂಲೆಂಟ್ ತಟ್ಟೇಲಿ ಹಾಗೇ ಬಿಡಬೇಡಿ, ದಯವಿಟ್ಟು. ಅದು ಸಿಹಿ ಇರುತ್ತೆ, ನಾಯಿ ಬೆಕ್ಕು ನೆಕ್ಕಿದ್ರೆ ಕಿಡ್ನಿ ಹೋಗಿ ಸಾಯ್ತವೆ, ಸ್ವಲ್ಪ ಸಾಕು. ಮಕ್ಕಳಿದ್ರೂ ಅಷ್ಟೇ. ಕ್ಯಾನಿಗೆ ತುಂಬಿ ಮುಚ್ಚಿ, ನಿಮ್ಮ ಕೌಂಟಿಯಲ್ಲಿ ಇಂಥದ್ದು ತಗೊಳೋ ಜಾಗಕ್ಕೆ ಕೊಡಿ, ಚರಂಡಿಗೆ ಸುರೀಬೇಡಿ.

ಒಂದು ರೌಂಡ್ ಹೊಡ್ಕೊಂಡು ಬಂದು, ಮಾರನೇ ದಿನ ತಣ್ಣಗಿರೋವಾಗ ಮಟ್ಟ ನೋಡಿ, ಕಡಿಮೆಯಾಗಿದ್ರೆ ತುಂಬಿ, ಪಂಪಿನ ಕೆಳಗೆ ಒಂದು ಒಣ ರಟ್ಟು ಇಟ್ಟು ನೋಡಿ. ಮತ್ತೆ ಹನಿ ಬಿದ್ರೆ ಮೊದಲು ಇನ್‌ಲೆಟ್ ಪೈಪಿನ ಓ-ರಿಂಗ್ ಮೇಲೆ ಅನುಮಾನ ಪಡಿ, ಕೂರಿಸೋವಾಗ ಮಡಚಿಕೊಂಡಿರುತ್ತೆ. ನಿಮ್ಮ ಪುಲ್ಲೀಲಿ ನಾಕು ಸೀಳಿದೆಯಾ ಎಂಟಿದೆಯಾ ಗೊತ್ತಾಗ್ಲಿಲ್ಲ ಅಂದ್ರೆ ಬಿಚ್ಚೋಕ್ ಮುಂಚೆ ಒಂದು ಫೋಟೋ ಹಾಕಿ, ನೋಡಿ ಹೇಳ್ತೀನಿ.